ಹನ್ನೆರಡು ಗಡ್ಡ, ಒಂದು ದೂರು

"ಒಂದು ಗಡ್ಡಕ್ಕೆ ಅರ್ಧ ಗಂಟೆಯಾ? ಇಲ್ಲಿ ಮದುವೆ ಗಂಡು ಯಾರೂ ಇಲ್ಲ, ರೋಗಿಗಳಿದ್ದಾರೆ."

ಗಂಡಸರ ವಾರ್ಡಿನ ನರ್ಸ್ ಸಿಡಿದ ರಭಸಕ್ಕೆ ಅವಳ ಕೈಯ ಟ್ರೇಯೂ ಅದುರಿತು. ಹಾಸಿಗೆ ಹಿಡಿದವರ ಗಡ್ಡ ತೆಗೆಯಲು ವಾರಕ್ಕೆರಡು ಸಲ ಬರುತ್ತಿದ್ದ ಕ್ಷೌರಿಕ ಮಾತ್ರ ತಲೆ ಎತ್ತಲಿಲ್ಲ. ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿದ್ದ ಮೇಷ್ಟ್ರ ಕೆನ್ನೆಗೆ ಬಿಸಿನೀರಿನ ಬಟ್ಟೆ ಒತ್ತಿ, "ಮೀಸೆ ಹೀಗೇ ಇರಲಾ ಮೇಷ್ಟ್ರೇ, ಸಣ್ಣ ಮಾಡಲಾ?" ಎಂದು ಕೇಳಿ, ಅವರು ಕಣ್ಣು ಮಿಟುಕಿಸುವವರೆಗೂ ಕಾದ.

"ಹತ್ತಕ್ಕೆ ಡಾಕ್ಟರು ರೌಂಡ್ಸಿಗೆ ಬರ್ತಾರೆ. ಹನ್ನೆರಡು ಜನರಲ್ಲಿ ಐದೇ ಜನರದ್ದು ಮುಗಿದಿದೆ. ಮಾತು ಬರದವರ ಹತ್ರ ಹರಟೆ ಬೇರೆ."

ಈಗ ಅವನು ತಿರುಗಿದ. "ಇವರು ಬಂದು ಮೂರು ವಾರ ಆಯ್ತು ಸಿಸ್ಟರ್. ಒಂದು ದಿನವಾದ್ರೂ ಮೇಷ್ಟ್ರೇ ಅಂದಿದೀರಾ? ನಿಮಗೆ ಇವರು ಏಳನೇ ಬೆಡ್, ಅಷ್ಟೇ."

ವಾರ್ಡಿಗೆ ವಾರ್ಡೇ ಕಿವಿಯಾಯಿತು. ಅವಳ ಮುಖ ಕೆಂಪೇರಿತು.

'ಇವನ್ಯಾರು ನನಗೆ ಬುದ್ಧಿ ಹೇಳೋಕೆ?'

ಊಟಕ್ಕೂ ಹೋಗದೆ ಕೂತು ದೂರು ಬರೆದಳು. ಮರುವಾರದಿಂದ ಅವನು ಬರಲಿಲ್ಲ.

ಅವನ ಬದಲು ಬಂದವನದು ಚುರುಕು ಕೈ. ಒಂಬತ್ತೂವರೆಗೆಲ್ಲ ಹನ್ನೆರಡೂ ಮುಗಿಸಿ ಪೆಟ್ಟಿಗೆ ಮುಚ್ಚಿದ. ಅವಳಿಗೆ ಖುಷಿಯಾಗಬೇಕಿತ್ತು... ಆದರೆ ಮೇಷ್ಟ್ರ ಗದ್ದದ ಮೇಲೆ ಎರಡು ಗಾಯ. ಮೀಸೆ ಇರಲೇ ಇಲ್ಲ. ಹತ್ತಿ ಒತ್ತಲು ಹೋದರೆ ಅವರು ಗೋಡೆಯ ಕಡೆ ಮುಖ ಹೊರಳಿಸಿದರು. ದಿಂಬು ಒದ್ದೆಯಾಗಿತ್ತು.

ಅವಳಿಗೆ ಸಿಟ್ಟು ಉಕ್ಕಿ ಬಂತು. ಹೊಸಬನ ಮೇಲೆ, ಹಳಬನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ.

"ಮೇಷ್ಟ್ರೇ..." ಎಂದಳು, ಮೊದಲ ಸಲ.

ಅವರು ತಿರುಗಲಿಲ್ಲ.

ಡ್ಯೂಟಿ ಮುಗಿದದ್ದೇ ತಡ, ಸಮವಸ್ತ್ರದಲ್ಲೇ ಹಳೆಯ ಕ್ಷೌರಿಕನ ಅಂಗಡಿಗೆ ನುಗ್ಗಿದಳು. ಗಿರಾಕಿಗಳಿರಲಿಲ್ಲ. ಅವನು ಕನ್ನಡಿ ಒರೆಸುತ್ತಿದ್ದ.

"ದೂರು ವಾಪಸ್ ತಗೊಂಡಿದೀನಿ. ಶುಕ್ರವಾರ ಬನ್ನಿ."

"ಬರಲ್ಲ. ಬೇಡ ಅಂದಾಗ ನಿಲ್ಲಿಸಿ, ಬೇಕು ಅಂದಾಗ ಕೀ ಕೊಡೋಕೆ ನಾನೇನು ಗಡಿಯಾರನಾ?"

"ತಪ್ಪಾಯ್ತು ಅಂತ ಹೇಳೋಕೆ ಬಂದವಳ ಹತ್ರ ಹೀಗಾ ಮಾತಾಡೋದು?"

"ತಪ್ಪಾಯ್ತು ಅಂತ ನೀವಿನ್ನೂ ಹೇಳಿಲ್ಲ."

ಅವಳ ಸಹನೆಯ ಕಟ್ಟೆ ಒಡೆಯಿತು. "ಇಪ್ಪತ್ತೆರಡು ಬೆಡ್ಡು, ನನಗಿರೋದು ಎರಡೇ ಕೈ. ಒಬ್ಬರ ಹತ್ರ ನಿಂತು ಮಾತಾಡಿದ್ರೆ ಇನ್ನೊಬ್ಬರ ಡ್ರಿಪ್ ಖಾಲಿಯಾಗಿರುತ್ತೆ. ನನಗೂ ಕರುಳಿದೆ. ನೀವು ಅವರ ಕೆನ್ನೆ ಸವರಿ ಮಾತಾಡಿಸೋದು ನೋಡಿದಾಗೆಲ್ಲ ಹೊಟ್ಟೆ ಉರೀತಿತ್ತು... ನಾನು ಈ ಕೆಲಸಕ್ಕೆ ಸೇರಿದ್ದೇ ಅದನ್ನ ಮಾಡೋಕೆ." ಕಣ್ಣು ತುಂಬಿತು. "ತಪ್ಪಾಯ್ತು. ಸಾಕಾ? ಮೇಷ್ಟ್ರು ನನ್ನ ಕಡೆ ತಿರುಗಿ ಕೂಡ ನೋಡ್ತಿಲ್ಲ."

ಕನ್ನಡಿಯ ಮೇಲೆ ಅವನ ಕೈ ನಿಂತಿತು.

"ದಿನಾ ಕರೀತಾ ಇರಿ, ತಿರುಗ್ತಾರೆ. ಮೀಸೆ ಬೆಳೆಯುತ್ತೆ." ದನಿ ಮೆತ್ತಗಾಗಿತ್ತು. "ನಾನೂ ಎಲ್ಲರೆದುರು ಹಾಗನ್ನಬಾರದಿತ್ತು. ಮೇಜಿನ ಮೇಲೆ ನಿಮ್ಮ ಟೀ ಆರಿ ಕೆನೆ ಕಟ್ಟೋದನ್ನ ಬಂದಾಗೆಲ್ಲ ನೋಡ್ತಿದ್ದೆ."

"ನೋಡ್ತಿದ್ರಾ?"

"ಇನ್ನೊಂದು ನಿಜ ಇದೆ. ಹೇಳಿದ್ರೆ ಬೈತೀರ."

"ಮೊದಲು ಹೇಳಿ. ಬೈಯೋದು ಆಮೇಲೆ."

"ಹನ್ನೊಂದು ಜನರಿಗೆ ನಿಧಾನ ಮಾಡಿದ್ದು ಅವರಿಗೋಸ್ಕರ. ನಿಮ್ಮ ಮೇಜಿನ ಪಕ್ಕದ ತಾತನಿಗೆ ಮಾತ್ರ... ನನಗೋಸ್ಕರ."

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಕಿವಿ ಬಿಸಿಯಾಯಿತು.

"ನಾಚಿಕೆ ಆಗಲ್ವಾ? ಪಾಪ, ಆ ತಾತನ ಚರ್ಮ ಏನಾಗಬೇಕು?"

"ಅವರಿಗೆ ಎಲ್ಲ ಗೊತ್ತು. 'ಇನ್ನೊಂದು ಸಲ ಸೋಪು ಹಚ್ಚಪ್ಪಾ, ಅವಳಿನ್ನೂ ಈ ಕಡೆ ಬಂದಿಲ್ಲ' ಅಂತ ಅವರೇ ಹೇಳ್ತಿದ್ರು."

ಅವಳು ಸಿಟ್ಟು ಹಿಡಿದಿಟ್ಟುಕೊಳ್ಳಲು ನೋಡಿದಳು. ಆಗಲಿಲ್ಲ. ಅಳುತ್ತಿದ್ದ ಮುಖದಲ್ಲೇ ನಗು ಒಡೆಯಿತು. ಅವನು ಸಂಕೋಚದಿಂದ ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಶುಕ್ರವಾರ ಬೆಳಕು ಹರಿಯೋದಕ್ಕೆ ಮುಂಚೆನೇ ಬರ್ತೀನಿ. ರೌಂಡ್ಸಿಗೆ ಮೊದಲೇ ಮುಗಿಯುತ್ತೆ," ಎಂದ.

"ನಾನೂ ಮುಂಚೆ ಬರ್ತೀನಿ, ಬಿಸಿನೀರು ಹಿಡ್ಕೊಳ್ಳೋಕೆ. ಹಾಗಂತ ಕೋಪ ಇಳಿದಿದೆ ಅಂದುಕೊಳ್ಳಬೇಡಿ."

"ಇಳಿಯೋದೇ ಬೇಡ. ಜೀವಮಾನ ಪೂರ್ತಿ ಬೈಸಿಕೊಳ್ಳೋಕೆ ನಾನು ತಯಾರು."

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು, ಅವನ ಕೈ ಬಿಡದೆ. "ಮೊದಲಿನಿಂದ ಶುರು ಮಾಡ್ತೀನಿ..."