ಅಕ್ಕನ ಮನೆಯ ಗಾಳಿ

ಲೊರೇನ್ ಆ ಪುಟ್ಟ ದುಂಡು ಫಿಲ್ಟರನ್ನು ಚಿಮಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಾಗ, ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ.

"ಇಡೀ ಊರಲ್ಲಿ ನಿಂದೊಂದೇ ಬಿಳಿ, ದುಶಾನ್," ಎಂದಳು ಹುಬ್ಬು ಹಾರಿಸಿ. "ಕುಲುಮೆ ಪಕ್ಕದಲ್ಲೇ ಮನೆ ಇಟ್ಕೊಂಡು ಉಸಿರಾಡೋದನ್ನೇ ಬಿಟ್ಟಿದ್ದೀಯಾ ಹೇಗೆ?"

"ನೀನು ಎದುರಿಗಿದ್ರೆ ಉಸಿರೇ ಬರಲ್ಲ."

ನಕ್ಕಳು. ಆ ನಗುವಿಗಾಗಿಯೇ ನಾನು ಗಾಳಿ ಪರೀಕ್ಷೆಗೆ ಹೆಸರು ಕೊಟ್ಟಿದ್ದು. ಓಹಾಯೊ ನದಿಯ ದಂಡೆಯ ನಮ್ಮ ಉಕ್ಕಿನ ಊರಿನಲ್ಲಿ, ಗಾಳಿ ಎಳೆಯುವ ಪೆಟ್ಟಿಗೆಯೊಂದನ್ನು ಒಂದು ದಿನ ಪೂರ್ತಿ ಹೊತ್ತು ತಿರುಗಬೇಕು. ಕಣ್ಣಿಗೆ ಕಾಣದ ಧೂಳು ಫಿಲ್ಟರಿಗೆ ಅಂಟುತ್ತದೆ, ಈ ಸಂಶೋಧನೆಗೆಂದೇ ಊರಿಗೆ ಬಂದಿರುವ ಲೊರೇನ್ ಅದನ್ನು ತೂಗುತ್ತಾಳೆ.

ನಾನು ಪೆಟ್ಟಿಗೆಯನ್ನು ಗುಡ್ಡದ ಮೇಲಿನ ಅಕ್ಕನ ಮನೆಯಲ್ಲಿಟ್ಟು ಬಂದಿದ್ದೆ. ನಮ್ಮನೆಯಲ್ಲಿ ಅಮ್ಮ ದಿನಕ್ಕೆರಡು ಸಲ ಕಿಟಕಿ ಒರೆಸಿದರೂ ಬಟ್ಟೆ ಕಪ್ಪಾಗುತ್ತದೆ. ಆ ಕಪ್ಪನ್ನು ಈ ಹುಡುಗಿ ತೂಗಿ ನೋಡುವುದು ನನಗೆ ಬೇಡವಾಗಿತ್ತು.

"ನಾಡಿದ್ದು ವಾಷಿಂಗ್ಟನ್ನಿಗೆ ಹೋಗ್ತೀನಿ. ಗಾಳೀಲಿ ಧೂಳು ಎಷ್ಟಿರಬಹುದು ಅಂತ ಮಿತಿ ಹಾಕೋ ಸಭೆ," ಎಂದಳು. "ಇದನ್ನ ನೋಡಿದ್ರೆ ಕಾರ್ಖಾನೆಯವರು ಕುಣಿದಾಡ್ತಾರೆ. ಕುಲುಮೆ ಪಕ್ಕದಲ್ಲೇ ಇಷ್ಟು ಚೊಕ್ಕ, ಇನ್ಯಾಕೆ ಕಾನೂನು ಅಂತಾರೆ." ದನಿ ಇಳಿಯಿತು. "ನಿಮ್ಮಮ್ಮ ಹೇಗಿದ್ದಾರೆ? ಮೊನ್ನೆ ಉಸಿರಿನ ಪರೀಕ್ಷೇಲಿ ಊದೋಕೇ ಆಗ್ಲಿಲ್ಲ ಅವರಿಗೆ."

ಅಮ್ಮ ಮೂರು ಮೆಟ್ಟಿಲು ಹತ್ತಿದರೆ ಕೆಮ್ಮುತ್ತ ಗೋಡೆ ಹಿಡಿದು ನಿಲ್ಲುತ್ತಾಳೆ. ಅವಳ ಕೆಮ್ಮನ್ನೇ ನಾನು ಸುಳ್ಳು ಮಾಡಿಬಿಟ್ಟಿದ್ದೆ.

"ಅದು ನಮ್ಮನೆ ಗಾಳಿ ಅಲ್ಲ," ಎಂದೆ ನೆಲ ನೋಡುತ್ತ. "ಅಕ್ಕನ ಮನೇದು. ನಮ್ಮನೆ ಕೊಳೆ ನಿಂಗೆ ಕಾಣಬಾರದು ಅಂತ..."

ಅವಳು ಫಿಲ್ಟರನ್ನು ಡಬ್ಬಿಗೆ ಹಾಕಿ ಮೇಲೆ 'ರದ್ದು' ಎಂದು ಬರೆದಳು.

"ಮೂರು ತಿಂಗಳಿಂದ ಒಂದ್ಸಲನೂ ಮನೆಗೆ ಕರೀಲಿಲ್ಲ. ನಿಂಗೆ ನಾನು ಇಷ್ಟ ಇಲ್ವೇನೋ ಅಂದ್ಕೊಂಡಿದ್ದೆ."

"ಇಷ್ಟ. ಅದಕ್ಕೇ ಕರೀಲಿಲ್ಲ."

"ಪೆದ್ದ! ಅದು ನಿಮ್ಮ ಕೊಳೆ ಅಂತ ಯಾರು ಹೇಳಿದ್ರು ನಿಂಗೆ?"

ಹೊಸ ಫಿಲ್ಟರ್ ಹಾಕಿ ಪೆಟ್ಟಿಗೆಯನ್ನು ತಾನೇ ನನ್ನ ಹೆಗಲಿಗೇರಿಸಿ, ಜೊತೆಗೆ ನಮ್ಮನೆಗೆ ನಡೆದು ಬಂದಳು. ಅಮ್ಮ ಗಾಬರಿಯಾಗಿ ಏಪ್ರನ್ನಿನಿಂದ ಕುರ್ಚಿ ಒರೆಸಲು ಹೋದಳು.

"ಬಿಡಿ ಅಮ್ಮ," ಎಂದು ಲೊರೇನ್ ಆ ಮಸಿಯ ಮೇಲೇ ಕೂತಳು.

ಮರುದಿನ ತೆಗೆದ ಫಿಲ್ಟರ್ ಬಾಣಲೆಯ ತಳದಂತಿತ್ತು. ನಾನು ಮುಖ ತಿರುಗಿಸಿದೆ. ಅವಳು ನನ್ನ ಗದ್ದ ಹಿಡಿದು ಮತ್ತೆ ಅದರತ್ತ ತಿರುಗಿಸಿ, ಕೈಗೆ ಪೆನ್ನು ಕೊಟ್ಟಳು.

"ವಿಳಾಸ ನೀನೇ ಬರಿ."

ಡಬ್ಬಿಯ ಮೇಲೆ ನಮ್ಮ ಬೀದಿಯ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದೆ.