ಮದುಮಗನ ಕಾರಿನ ನವಿಲು

ಕಾರು ಮೂರನೆಯ ಸಲ ನಿಂತಿತು. ಬಾನೆಟ್ಟಿನ ಸಂದಿಯಿಂದ ಬುಸ್ ಎಂದು ಹಬೆ ಎದ್ದಿತು. ಅಪ್ಪ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತುಬಿಟ್ಟರು.

"ಮಧೂ, ಇನ್ನ ಎಷ್ಟು ದೂರ ಅದ?" ಎಂದು ಹಿಂದಿನ ಸೀಟಿನಿಂದ ರಾಧಾಬಾಯಿ ಅಜ್ಜಿ ಕೇಳಿದರು.

ಯೇವಲಾ ಊರು ಒಂದು ಕಿಲೋಮೀಟರ್, ಔರಂಗಾಬಾದ್ ನೂರಾ ಹತ್ತು ಎಂದರು ಅಪ್ಪ. ಆಗಲೇ ಮಧ್ಯಾಹ್ನ ಒಂದು ಗಂಟೆ. ಸಂಜೆ ಆರಕ್ಕೆ ಔರಂಗಾಬಾದಿನಲ್ಲಿ ರಘೋತ್ತಮ ಕಾಕಾನ ವರಪೂಜೆ. ಮನೆಯ ಉಳಿದವರೆಲ್ಲ ಹಿಂದಿನ ದಿನವೇ ನಾಸಿಕದಿಂದ ಬಸ್ಸಿನಲ್ಲಿ ಹೋಗಿದ್ದರು. ಮದುಮಗ ಕಾಕಾ ಮಾತ್ರ ಇಲ್ಲಿ, ಹೊಸ ಸೂಟು ಹಾಕಿಕೊಂಡು, ಮುದುರೀತೆಂದು ಬೆನ್ನು ಒರಗಿಸದೆ ನೆಟ್ಟಗೆ ಕೂತಿದ್ದ.

ಅವನ ಪಕ್ಕದಲ್ಲಿ ಅಣ್ಣನ ಮಗಳು ಮಂದಾಕಿನಿ. ಎಲ್ಲರೂ ಮಂದಾ ಎನ್ನುತ್ತಿದ್ದರು. ಐದನೇ ಕ್ಲಾಸು. ಕಾರಿನ ಮೂತಿಯ ಮೇಲಿದ್ದ ನವಿಲು ಅವಳದೇ. ಥರ್ಮಾಕೋಲ್ ಕತ್ತರಿಸಿ, ಹಸಿರು-ನೀಲಿ ಬೇಗಡೆ ಅಂಟಿಸಿ, ಎರಡು ದಿನ ಕೂತು ಮಾಡಿದ್ದಳು. ಅದರ ಬಿಚ್ಚಿದ ಗರಿ ಈ ದೀಪದಿಂದ ಆ ದೀಪದವರೆಗೆ ಹರಡಿ, ಮುಂದಿನ ಜಾಲರಿಯನ್ನು ಪೂರ್ತಿ ಮುಚ್ಚಿತ್ತು.

ಮೊದಲು ಕಾರು ನಿಂತದ್ದು ನಿಫಾಡಿನಲ್ಲಿ. ದ್ರಾಕ್ಷಿ ಟೆಂಪೋದ ಡ್ರೈವರ್ ಬಂದು, ರೇಡಿಯೇಟರ್ ಎಲ್ಲೋ ಸೋರುತ್ತಿದೆ, ಅರಿಶಿನ ಹಾಕಿದರೆ ತೂತು ಮುಚ್ಚುತ್ತದೆ ಎಂದ. ಮದುವೆಯ ಅರಿಶಿನದ ಪೊಟ್ಟಣ ಅರ್ಧ ಖಾಲಿಯಾಯಿತು. ಹೋಗುವಾಗ ಅವನು ನವಿಲನ್ನು ನೋಡಿ, ಎಷ್ಟು ಚಂದ ಎಂದು ಮಂದಾಳಿಗೆ ಒಂದು ಗೊಂಚಲು ದ್ರಾಕ್ಷಿ ಕೊಟ್ಟ.

ಎರಡನೆಯ ಸಲ ವಿಂಚೂರಿನ ಹತ್ತಿರ. ಇದು ದೃಷ್ಟಿಯೇ ಎಂದರು ಅಜ್ಜಿ. ಇಷ್ಟು ಚಂದದ ನವಿಲು ಕಟ್ಟಿಕೊಂಡು ಹೊರಟರೆ ಜನರ ಕಣ್ಣು ಬೀಳದೆ ಇರುತ್ತದೆಯೇ? ಕಾರಿಗೆ ತೆಂಗಿನಕಾಯಿ ನಿವಾಳಿಸಿ ಒಡೆದರು. ನೀರು ಕಡಿಮೆ ಬಿದ್ದಿದ್ದರಿಂದ ಅಪ್ಪ ಆ ಕಾಯಿನೀರನ್ನೂ ರೇಡಿಯೇಟರಿಗೇ ಸುರಿದರು.

ಈಗ ಮೂರನೆಯ ಸಲ. ಸೈಕಲ್ಲಿನಲ್ಲಿ ಬಂದ ಒಬ್ಬ ಮುದುಕ ಕಾರಿನ ಸುತ್ತ ಒಂದು ಸುತ್ತು ಹಾಕಿ, ಭಾರ ಹೆಚ್ಚಾಗಿದೆ ಎಂದು ತೀರ್ಪು ಕೊಟ್ಟ. ಎಲ್ಲರಿಗಿಂತ ದಪ್ಪಗಿದ್ದವನು ಕಾಕಾ. ಹಬೆ ಆರಿದ ಮೇಲೆ ಕಾರು ಮೆಲ್ಲಗೆ ಹೊರಟಿತು. ಮದುಮಗ ಸೂಟು ಬೂಟಿನಲ್ಲಿ ಹಿಂದೆ ನಡೆದ. ರಸ್ತೆಯ ಮಕ್ಕಳು ಇದು ಮೆರವಣಿಗೆ ಎಂದುಕೊಂಡು ಡಬ್ಬಿ ಬಡಿಯುತ್ತ ಅವನ ಮುಂದೆ ಕುಣಿದರು. ಕಾಕಾ ಏನು ಮಾಡುವುದೆಂದು ತಿಳಿಯದೆ ಎಲ್ಲರಿಗೂ ಕೈ ಮುಗಿಯುತ್ತ ಬಂದ.

ಯೇವಲಾದ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿದ. ನವಿಲಿಗೆ ಗ್ರೀಸ್ ತಾಗೀತೆಂದು ಮೊದಲು ಕೈ ಒರೆಸಿಕೊಂಡ. ನೀರು ತುಂಬಿದೆ, ಹಳದಿಯಾಗಿದೆ ಅಷ್ಟೆ. ಬೆಲ್ಟ್ ಸರಿ ಇದೆ. ಫ್ಯಾನ್ ಸರಿ ಇದೆ. ಮತ್ತೇಕೆ ಕಾಯುತ್ತದೆ? ಅವನು ತಲೆ ಕೆರೆದುಕೊಂಡು, ಎಂಜಿನ್ ಪೂರ್ತಿ ಬಿಚ್ಚಿ ನೋಡಬೇಕು, ಎರಡು ದಿನ ಬೇಕು ಎಂದ.

ಅಜ್ಜಿ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದರು. ವರಪೂಜೆ ಆಗುವವರೆಗೂ ಅವರು ಉಪವಾಸ.

ಕೊನೆಯದಾಗಿ ಮೇಸ್ತ್ರಿ ಎಂಜಿನ್ ಜೋರು ಮಾಡಿದ. ಫ್ಯಾನ್ ಗರ್ರೆಂದು ತಿರುಗಿತು. ಕಾರಿನ ಎದುರಿಗೆ ಮಂದಾ ನಿಂತಿದ್ದಳು. ಆಗ ಒಂದು ವಿಚಿತ್ರ ಕಂಡಿತು. ನವಿಲಿನ ಗರಿಗಳು ಒಳಕ್ಕೆ ಬಾಗಿ ಜಾಲರಿಗೆ ಅಂಟಿಕೊಂಡವು. ಮೇಸ್ತ್ರಿ ಕಾಲು ತೆಗೆದ. ಗರಿಗಳು ಸಡಿಲಾದವು. ಮತ್ತೆ ಒತ್ತಿದ. ಮತ್ತೆ ಅಂಟಿದವು.

ಒಳಗೆ ಯಾರೋ ಉಸಿರು ಎಳೆದುಕೊಳ್ಳಲು ನೋಡುತ್ತಿದ್ದರೆ, ಹೊರಗಿನಿಂದ ಯಾರೋ ಮೂಗು ಮುಚ್ಚಿದ ಹಾಗೆ.

ಮಂದಾಳಿಗೆ ಥಟ್ಟನೆ ಹೊಳೆಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಅಜ್ಜಿಯ ಒಣಗಿದ ತುಟಿ ನೋಡಿದಳು. ಕಾಕಾನ ಧೂಳು ಮೆತ್ತಿದ ಬೂಟು ನೋಡಿದಳು.

"ಅಪ್ಪಾ, ಗಾಳಿ ಒಳಗ ಜಾತಾನೇ ಇಲ್ಲ. ನನ್ನ ಮೋರ್ ಅಡ್ಡ ಅದ," ಎಂದಳು.

ಅವಳ ಕನ್ನಡದಲ್ಲಿ ಅರ್ಧ ಮರಾಠಿ; ಜಾತಾನೇ ಇಲ್ಲ ಎಂದರೆ ಹೋಗುತ್ತಲೇ ಇಲ್ಲ, ಮೋರ್ ಎಂದರೆ ನವಿಲು. ಆದರೂ ಎಲ್ಲರಿಗೂ ಅರ್ಥವಾಯಿತು. ಆದರೆ ಯಾರೂ ಒಪ್ಪಲಿಲ್ಲ. ಪಾಪ, ಕೂಸು ತನ್ನ ಮೇಲೆ ಹಾಕಿಕೊಳ್ಳುತ್ತಿದೆ ಎಂದರು ಅಜ್ಜಿ. ಎರಡು ದಿನ ಆಟ ಬಿಟ್ಟು ಮಾಡಿದ್ದನ್ನು ಕೀಳುವುದು ಹೇಗೆ ಎಂದರು ಅಪ್ಪ. ಮೇಸ್ತ್ರಿಯಂತೂ ನವಿಲಿನ ಸೊಟ್ಟಾದ ಕತ್ತನ್ನು ನೆಟ್ಟಗೆ ಮಾಡಿ, ಇದು ಎಂಜಿನ್ನಿಗೆ ಏನು ಮಾಡೀತು ಎಂದ.

ಮಂದಾ ಮೇಸ್ತ್ರಿಯ ಡಬ್ಬಿಯಿಂದ ಕಟಿಂಗ್ ಪ್ಲೇಯರ್ ತಗೊಂಡು ನವಿಲನ್ನು ಕಟ್ಟಿದ್ದ ತಂತಿಯನ್ನು ಕತ್ತರಿಸಿದಳು. ಒಂದು, ಎರಡು, ಮೂರು. ಬಿಗಿಯಾಗಿರಲಿ ಎಂದು ಅವಳೇ ಆರು ಕಡೆ ಕಟ್ಟಿದ್ದಳು. ನಾಲ್ಕನೆಯದಕ್ಕೆ ಕೈಯಲ್ಲಿ ಬಲ ಸಾಲದಾದಾಗ ಕಾಕಾ ಬಂದು ಅವಳ ಕೈಯ ಮೇಲೆ ಕೈಯಿಟ್ಟು ಒತ್ತಿದ.

ನವಿಲನ್ನು ಕಾರಿನ ತಲೆಯ ಮೇಲೆ ಟ್ರಂಕಿನ ಜೊತೆ ಕಟ್ಟಿದರು. ಕಾರು ಹೊರಟಿತು. ವೈಜಾಪುರ ಬಂತು, ಹೋಯಿತು. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನಲ್ಲೇ ನಿಂತಿತ್ತು. ಗಾಳಿಗೆ ಗರಿಗಳು ಒಂದೊಂದಾಗಿ ಕಿತ್ತು ಹಾರುತ್ತಿದ್ದವು. ಆರಿಸಿಕೊಳ್ಳೋಣ, ನಿಲ್ಲಿಸು ಎಂದರು ಅಜ್ಜಿ. ಬೇಡ ಎಂದಳು ಮಂದಾ. ಹೇಳಿದ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಐದೂವರೆಗೆ ಔರಂಗಾಬಾದ್ ಮುಟ್ಟಿದರು. ಬ್ಯಾಂಡಿನವರು ತಯಾರಾಗಿದ್ದರು. ವರಪೂಜೆ ಮುಗಿಯಿತು. ಅಪ್ಪ ಬೀಗರಿಗೆ ಅರಿಶಿನದ ಗುಣ ವಿವರಿಸುತ್ತಿದ್ದರು. ಅಜ್ಜಿ ಬೆಳಗಿನಿಂದ ಮೊದಲ ತುತ್ತು ಬಾಯಿಗಿಟ್ಟು ಬೀಗತಿಗೆ ಹೇಳಿದರು:

"ಕಾಯಿ ಒಡದಿದ್ದಕ್ಕ ಪಾರಾದ್ವಿ ನೋಡ್ರಿ. ಗುಣ ಕಾಣಲಿಕ್ಕೆ ಒಂದೀಟು ಟೈಮ್ ಹಿಡೀತು, ಅಷ್ಟ. ಹೌದಿಲ್ಲೇ ಮಂದಾ?"

ಎದುರಿನ ಸಾಲಿನಲ್ಲಿ ಕಾಕಾ ಊಟ ನಿಲ್ಲಿಸಿ ಮಂದಾಳನ್ನೇ ನೋಡಿದ.

ಮಂದಾಳ ಬಾಯಿಯ ತನಕ ಮಾತು ಬಂದಿತ್ತು. ಅಜ್ಜಿಯ ಮುಖದಲ್ಲಿ ದಿನದ ಮೊದಲ ನಗು ಇತ್ತು. ಕಾರು ಹೊರಗೆ ತಣ್ಣಗೆ ನಿಂತಿತ್ತು.

"ಹೂಂ ಅಜ್ಜಿ," ಎಂದಳು ಮಂದಾ. ಬಡಿಸುವವರನ್ನು ಕರೆದು ಇನ್ನೊಂದು ಜಿಲೇಬಿ ಹಾಕಿಸಿಕೊಂಡಳು.