ಬೆಫಾನಾಳ ನಡಿಗೆ

"ನೀನು ನಾಟಕಕ್ಕೆ ಬರೋದು ಬೇಡ ಅಜ್ಜಿ. ಫುಲ್ ಇಟಾಲಿಯನ್ನಲ್ಲೇ ಇರತ್ತೆ. ನಿಂಗೆ ಬೋರಾಗತ್ತೆ," ಎಂದಳು ಪ್ರಣೀತಾ, ಶೂ ಲೇಸು ಕಟ್ಟುತ್ತಾ. ತಲೆ ಎತ್ತಲಿಲ್ಲ.

"ಯಾಕ ಬ್ಯಾಡ? ನಾ ಬರಾಕಿ. ನಿನ್ನ ಮಾತೆಲ್ಲಾ ನನಗೂ ಬಾಯಿಪಾಠ ಆಗ್ಯಾವ," ಎಂದರು ಅಜ್ಜಿ. ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದರು.

ಅದು ಸುಳ್ಳಲ್ಲ. ಆರು ತಿಂಗಳ ಹಿಂದೆ ಧಾರವಾಡದಿಂದ ಅಮೆರಿಕದ ಫ್ರೀಮಾಂಟಿಗೆ ಬಂದ ಅಜ್ಜಿಗೆ ಇಟಾಲಿಯನ್ ಎಲ್ಲಿಂದ ಬರಬೇಕು? ಆದರೂ ಪ್ರಣೀತಾ ಓದಿ ಹೇಳಿದ್ದನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ದಿನಾ ಸಂಜೆ ಅದನ್ನು ಹಿಡಿದು ಕುಳಿತು ಅವಳಿಂದ ಒಪ್ಪಿಸಿಕೊಳ್ಳುತ್ತಿದ್ದರು. ಒಂದು ಶಬ್ದ ತಪ್ಪಿದರೂ ಬಿಡುತ್ತಿರಲಿಲ್ಲ.

ಶನಿವಾರದ ಇಟಾಲಿಯನ್ ಕ್ಲಾಸಿನ ಟೀಚರ್ ಸಿನ್ಯೋರಾ ಲೊರೆಡಾನಾ ವ್ಯಾಕರಣದ ಗೋಜಿಗೇ ಹೋಗುವವರಲ್ಲ. ಯಾವ ಹಬ್ಬ ಬರುತ್ತದೋ ಆ ಹಬ್ಬದ ಕತೆ, ಆ ಕತೆಯೊಳಗಿನ ಮಾತು, ಅಷ್ಟೇ. ಈ ಸಲ ಜನವರಿ ಆರರ ಹಬ್ಬ, ಅದಕ್ಕೊಂದು ಪುಟ್ಟ ನಾಟಕ. ಬೆಫಾನಾ ಎಂಬ ಮುದುಕಿ ಅವತ್ತು ಪೊರಕೆ ಏರಿ ಬರುತ್ತಾಳಂತೆ. ಒಳ್ಳೆಯ ಮಕ್ಕಳ ಕಾಲುಚೀಲಕ್ಕೆ ಮಿಠಾಯಿ, ತುಂಟರ ಕಾಲುಚೀಲಕ್ಕೆ ಇದ್ದಿಲು. ಪೊರಕೆಗೆ ಸ್ಕೋಪಾ, ಇದ್ದಿಲಿಗೆ ಕಾರ್ಬೋನೆ. ಅಜ್ಜಿಗೆ ಈ ಕತೆ ಬಲು ಹಿಡಿಸಿಬಿಟ್ಟಿತ್ತು. "ಮುದುಕಿ ಹಂಗ ಕಾಣಬೇಕಲ್ಲ, ತಗೋ," ಎಂದು ತಮ್ಮ ಕಂದು ಶಾಲನ್ನು ತಾವೇ ಕೊಟ್ಟಿದ್ದರು.

ಕೊಡದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಪ್ರಣೀತಾಗೆ ಈಗ ಅನಿಸುತ್ತಿತ್ತು.

ಆಗಿದ್ದು ಇಷ್ಟು. ಮೊದಲ ರಿಹರ್ಸಲ್ಲಿನಲ್ಲಿ ಅವಳು ಬೆಫಾನಾಳ ಪಾರ್ಟನ್ನು ಒಂದೂ ಮಾತು ತಪ್ಪದೆ ಹೇಳಿದಳು. ಯಾರೂ ನಗಲಿಲ್ಲ. "ತೇಜಸ್ವಿನಿ ಒಂದು ಸಲ ಟ್ರೈ ಮಾಡಲಿ," ಎಂದರು ಸಿನ್ಯೋರಾ, ಪಕ್ಕದಲ್ಲಿದ್ದ ಹುಡುಗಿಯ ಕಡೆ ತಿರುಗಿ. ಪಾರ್ಟು ಕೈತಪ್ಪಿಹೋಗುತ್ತದಲ್ಲ ಎನಿಸಿತು ಪ್ರಣೀತಾಗೆ. ಹಿಂದೆಮುಂದೆ ನೋಡದೆ ಶಾಲು ಹೊದ್ದು, ಎಡಗೈಯಲ್ಲಿ ಮಂಡಿ ಒತ್ತಿ ಹಿಡಿದು, ಆ ಕಾಲಿನ ಪಾದವನ್ನು ಹೊರಗೆ ತಿರುಗಿಸಿ ಎಳೆಯುತ್ತಾ ನಡೆದಳು. ಕುರ್ಚಿ ಸಿಕ್ಕಿದ್ದೇ "ಅಯ್ಯ ಶಿವನ" ಎಂದು ಧೊಪ್ಪನೆ ಕುಳಿತಳು.

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. "ಬ್ರಾವಾ, ಪ್ರಣೀತಾ," ಎಂದರು ಸಿನ್ಯೋರಾ. ಪಾರ್ಟು ಗಟ್ಟಿಯಾಯಿತು. ಆ ನಡಿಗೆ, ಆ ಮಾತು ಯಾರದೆಂದು ಅಲ್ಲಿ ಯಾರಿಗೆ ಗೊತ್ತು? ಮನೆಯಲ್ಲಿ ಮಾತ್ರ ಈ ಕಳ್ಳಿ ನೆಟ್ಟಗೆ ನಿಂತು ಒಪ್ಪಿಸುತ್ತಿದ್ದಳು.

ನಾಟಕ ನಡೆಯುವ ಲೈಬ್ರರಿಗೆ ಹತ್ತು ನಿಮಿಷದ ದಾರಿ. ಎಂದಿನಂತೆ ಅಜ್ಜಿ ಮುಂದೆ, ಪ್ರಣೀತಾ ಹಿಂದೆ. "ಈ ಊರಾಗ ಕಾರಿನವರನ್ನ ನಂಬಾಕ ಆಗಂಗಿಲ್ಲ, ನನ್ನ ಹಿಂದ ಬಾ," ಎನ್ನುವುದು ಅಜ್ಜಿಯ ಕಾನೂನು. ಸ್ಕೂಲಿಂದ ಕರೆತರುವಾಗಲೂ ಹಾಗೆಯೇ. ಆರು ತಿಂಗಳು ಹಿಂದೆ ಹಿಂದೆ ನಡೆದೇ ಅಲ್ಲವೇ ಅವಳು ಆ ನಡಿಗೆಯನ್ನು ಕಲಿತದ್ದು?

ಇವತ್ತು ಅದನ್ನು ಮಾಡುವುದೇ ಬೇಡ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಹಾಗೆಯೇ ಶುರು ಮಾಡಿದಳು ಕೂಡ. ಪೊರಕೆ ಹಿಡಿದು ನೆಟ್ಟಗೆ ಬಂದು ನಿಂತು, "ಬೋನಸೇರಾ, ಬಂಬೀನಿ," ಎಂದು ಮಕ್ಕಳಿಗೆ ಶುಭಸಂಜೆ ಹೇಳಿದಳು. ಎದುರಿಗೆ ಮೂವತ್ತು ಜನ. ಒಬ್ಬರೂ ಮಿಸುಕಲಿಲ್ಲ. ಕೊನೆಯ ಸಾಲಿನಲ್ಲಿ ಅಜ್ಜಿಯ ತುಟಿಗಳು ಮಾತ್ರ ಅವಳ ಜೊತೆಜೊತೆಗೇ ಅಲುಗುತ್ತಿದ್ದವು.

"ದ ವಾಕ್. ಡೂ ದ ವಾಕ್," ಎಂದು ಪಕ್ಕದಿಂದ ತೇಜಸ್ವಿನಿ ಪಿಸುಗುಟ್ಟಿದಳು.

ಪ್ರಣೀತಾಳ ಕೈ ಮಂಡಿಗೆ ಹೋಯಿತು. ಕಾಲು ತಾನಾಗಿ ಎಳೆಯಿತು. ಸಭೆಯಲ್ಲಿ ನಗು ಎದ್ದಿತು. ಆ ನಗು ಕಿವಿಗೆ ಬಿದ್ದಿದ್ದೇ ಅವಳಿಗೆ ಇನ್ನಷ್ಟು ಹುರುಪು ಬಂತು. ಕಾಲನ್ನು ಇನ್ನಷ್ಟು ಎಳೆದಳು. ಅಜ್ಜಿಯೂ ಎಲ್ಲರ ಜೊತೆ ನಗುತ್ತಿದ್ದರು. "ಅಯ್ಯ ಶಿವನ" ಎಂದು ಅವಳು ಕುಳಿತಾಗ ಅಜ್ಜಿಯ ನಗು ನಿಂತಿತು. ಆಮೇಲೆ ಅವರ ತುಟಿ ಅಲುಗಲಿಲ್ಲ.

ನಾಟಕ ಮುಗಿದ ಮೇಲೆ ಬೆಫಾನಾ ಎಲ್ಲರಿಗೂ ಮಿಠಾಯಿ ಹಂಚಬೇಕು. ಇದ್ದಿಲಿನಂತೆ ಕಾಣುವ ಕಪ್ಪು ಸಕ್ಕರೆಯ ತುಂಡುಗಳು. ಹಂಚುತ್ತಾ ಹಂಚುತ್ತಾ ಕೊನೆಯ ಸಾಲು ಬಂದೇಬಿಟ್ಟಿತು. ಅಜ್ಜಿ ಅಂಗೈ ಚಾಚಿದರು.

"ಛಂದ ಮಾಡಿದಿ. ಒಂದೂ ಮಾತು ತಪ್ಪಲಿಲ್ಲ," ಎಂದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ನಾ ಹಂಗ ನಡೀತೀನೇನವಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಪ್ರಣೀತಾ ಕಪ್ಪು ಸಕ್ಕರೆಯ ಒಂದು ತುಂಡನ್ನು ಆ ಅಂಗೈಯಲ್ಲಿಟ್ಟು, ಶಾಲನ್ನು ಹೆಗಲಿನಿಂದ ಇಳಿಸಿದಳು.

ಹೊರಗೆ ಬಂದ ಮೇಲೆ ಅಜ್ಜಿ ಲೈಬ್ರರಿಯ ಗೇಟಿನ ಬಳಿ ನಿಂತುಬಿಟ್ಟರು. "ನೀ ಮುಂದ ನಡಿ. ನಾ ಹಿಂದಿಂದ ಬರ್ತೀನಿ," ಎಂದರು.

"ಕಾರು ಬರತ್ತಲ್ಲ ಅಜ್ಜಿ."

"ದೊಡ್ಡಾಕಿ ಆಗೀದಿ. ನಡಿ."

ಪ್ರಣೀತಾ ನಡೆದಳು. ಹಿಂದೆ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಒಂದು ಗಟ್ಟಿ ಹೆಜ್ಜೆ, ಒಂದು ಎಳೆಯುವ ಹೆಜ್ಜೆ. ತಿರುಗಿ ನೋಡಿದಳು. ಅಜ್ಜಿ ತಟ್ಟನೆ ನಿಂತು, ಯಾರದೋ ಅಂಗಳದ ನಿಂಬೆ ಗಿಡವನ್ನು ನೋಡತೊಡಗಿದರು.

ಮತ್ತೆ ನಡೆದಳು. ಮತ್ತೆ ಅದೇ ಸದ್ದು. ಸಿಗ್ನಲ್ಲಿನ ಬಳಿ ತಿರುಗಿದಳು. ಅಜ್ಜಿ ಮತ್ತೆ ನಿಂತರು. ಈಗ ಅಲ್ಲಿ ನಿಂಬೆ ಗಿಡವೂ ಇರಲಿಲ್ಲ, ಬರೀ ಗೋಡೆ ಇತ್ತು. ಅಜ್ಜಿ ಗೋಡೆಯನ್ನೇ ನೋಡುತ್ತಿದ್ದರು.

ತಾನು ನೋಡುತ್ತಿರುವವರೆಗೆ ಅಜ್ಜಿ ಒಂದು ಹೆಜ್ಜೆಯನ್ನೂ ಎತ್ತಿಡುವುದಿಲ್ಲ ಎಂದು ಪ್ರಣೀತಾಗೆ ಗೊತ್ತಾಯಿತು.

ಮುಖ ಮುಂದೆ ಮಾಡಿ, ನಿಧಾನವಾಗಿ ನಡೆದಳು. ಮನೆ ಬರುವವರೆಗೂ ತಿರುಗಿ ನೋಡಲಿಲ್ಲ.